ಗಾಜಿನ ಪೆಟ್ಟಿಗೆಯ ಕೂದಲು

"ಸರಿಯಾಗಿ ನೋಡಿ ಹೇಳಿ ಅಜ್ಜಾ, ಇದು ನಮ್ಮ ಸ್ಥಾಪಕರ ಕೂದಲು ತಾನೇ?"

ಮುದುಕ ಕ್ಷೌರಿಕ ಪೆಟ್ಟಿಗೆಯತ್ತ ತಿರುಗಿಯೂ ನೋಡಲಿಲ್ಲ. ಹೆಡ್‌ಮಾಸ್ಟರ್ ಫಾದರ್ ಪೂಸಿಕೊಂಡಿದ್ದ ಸೆಂಟಿನ ವಾಸನೆಗೇ ಅವನು ಎರಡು ಹೆಜ್ಜೆ ಹಿಂದೆ ಸರಿದಿದ್ದ.

ಕ್ಯಾಥೊಲಿಕ್ ಗಂಡುಹುಡುಗರ ಆ ಶಾಲೆಗೆ ಐವತ್ತು ತುಂಬುತ್ತಿತ್ತು. ಸ್ಥಾಪಕ ಪಾದ್ರಿಯ ಹಳೆಯ ಬೈಬಲ್ಲಿನಲ್ಲಿ ಕಪ್ಪು ದಾರ ಕಟ್ಟಿದ ಒಂದು ಕುಚ್ಚು ಕೂದಲು ಸಿಕ್ಕಿತ್ತು. ಅವರನ್ನು ತೀರ ಹತ್ತಿರದಿಂದ ಕಂಡವರಲ್ಲಿ ಉಳಿದವನು ಇವನೊಬ್ಬನೇ. ಇವನು ಹೌದೆಂದರೆ ಪೆಟ್ಟಿಗೆ ಚಾಪೆಲ್ಲಿನ ಬಲಿಪೀಠದ ಪಕ್ಕ ಕೂರುತ್ತದೆ, ದಿನಾ ಬೆಳಗ್ಗೆ ಹುಡುಗರೆಲ್ಲ ಸಾಲಾಗಿ ಬಂದು ಮುತ್ತಿಡುತ್ತಾರೆ. ಅಲ್ಲವೆಂದರೆ ಕೂದಲು ಕಸದ ಬುಟ್ಟಿಗೆ.

ಮುದುಕನಿಗೆ ಹುರುಪು ಬರಲೆಂದು ಫಾದರ್ ಶಾಲೆಯ ಚರಿತ್ರೆ ಓದತೊಡಗಿದರು. "ಹನ್ನೊಂದು ಹುಡುಗರಿಂದ ಶಾಲೆ ಶುರುವಾಯಿತು. ಸ್ಥಾಪಕರೇ ಸ್ವಂತ ಕೈಯಿಂದ ಮಕ್ಕಳ ತಲೆ ಬೋಳಿಸಿ, ಹೇನು ತೆಗೆದು..."

ಥೂ! ಆ ಮಹಾನುಭಾವರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಆಗ ಶಾಲೆಯೆಂದರೆ ಚರ್ಮ ತುಂಬಿಡುತ್ತಿದ್ದ ಹಳೇ ಗೋದಾಮು. ನೆಲಕ್ಕೆ ಕೊಳೆತ ಕೊಬ್ಬಿನ ಜಿಡ್ಡು. ಆ ಗಬ್ಬಿನಲ್ಲಿ ಕುಕ್ಕರಗಾಲಲ್ಲಿ ಕೂತು ತಲೆ ಬೋಳಿಸಿದವನು ಇವನು. ಹನ್ನೊಂದಲ್ಲ, ಹನ್ನೆರಡು ತಲೆ. ಮೊದಲ ಮಳೆಗಾಲದಲ್ಲೇ ಒಬ್ಬ ಜ್ವರದಲ್ಲಿ ಹೋದ. ಸುದ್ದಿ ಹಬ್ಬಿದರೆ ಶಾಲೆಗೆ ಬೀಗ ಬೀಳುತ್ತದೆಂದು ಹೆಣವನ್ನು ಅಡುಗೆಮನೆಯ ಬಾಗಿಲಿನಿಂದ ಸಾಗಿಸಿದರು, ಹೆಸರನ್ನು ರಿಜಿಸ್ಟರಿನಿಂದ ಕೆರೆದು ಹಾಕಿದರು. ಅಂಥವರಿಗೆ ಈಗ ಪೂಜೆ! ಊರಿನವರ ಕಿವಿಗೆಲ್ಲ ಹೂವು.

"ಅವರಿಗೆ ಕ್ಷೌರ ಮಾಡ್ತಿದ್ದವರು ನೀವೇ ಅಲ್ವಾ?" ಫಾದರ್ ಅವಸರಿಸಿದರು.

"ಹೂಂ, ನಾನೇ."

ಗಡ್ಡ ಹೆರೆದದ್ದು ನಿಜ, ಆ ತಲೆಯಲ್ಲಿ ಕತ್ತರಿಸುವುದಕ್ಕಾದರೂ ಏನಿತ್ತು? ಊರಿಗೆ ಕಾಲಿಟ್ಟಾಗಲೇ ಕರಿಟೋಪಿಯ ಕೆಳಗೆ ನುಣ್ಣನೆ ಬೋಳು. ಟೋಪಿ ತೆಗೆಸಿ ಕಂಡವನು ಇವನೊಬ್ಬನೇ. ಈಗ ಒಂದು ಮಾತು ಸಾಕು, ಐವತ್ತು ವರ್ಷದ ನಾಟಕಕ್ಕೆ ತೆರೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೊನೆಗೊಮ್ಮೆ ಅಸಹ್ಯಪಟ್ಟುಕೊಂಡೇ ಪೆಟ್ಟಿಗೆಯತ್ತ ಬಗ್ಗಿದ.

ಎಳೆ ಕೂದಲು, ತುದಿ ಸುರುಳಿ. ದಾರದ ಗಂಟನ್ನು ಬಹಳ ಹೊತ್ತು ನೋಡಿದ.

"ಅಜ್ಜಾ?"

"ಅವರದೇ, ಫಾದರ್." ಗಾಜಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. "ಒಳ್ಳೇ ಜಾಗದಲ್ಲಿಡಿ. ಹುಡುಗರು ದಿನಾ ಮುತ್ತಿಡಲಿ."

ಫಾದರ್ ಹಿರಿಹಿರಿ ಹಿಗ್ಗಿ ಕಾಗದಕ್ಕೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಮುದುಕ ಮಸಿಯನ್ನು ಅಂಗಿಗೆ ಒರೆಸಿಕೊಂಡು, ಎಲ್ಲರಿಗಿಂತ ಮೊದಲು ತಾನೇ ಬಾಗಿ ಗಾಜಿಗೆ ಮುತ್ತಿಟ್ಟ.

ಹನ್ನೆರಡನೆಯ ತಲೆ ಅವನ ಮಗನದು. ಬೋಳಿಸಿದ ದಿನ ಹೆಂಡತಿಗೆಂದು ತಾನೇ ದಾರ ಕಟ್ಟಿಟ್ಟ ಆ ಕೂದಲನ್ನು, ಮಗ ಸತ್ತ ದಿನ ಅವನು ಸ್ಥಾಪಕರ ಮುಖಕ್ಕೆ ಎಸೆದು ಬಂದಿದ್ದ.