ಮನೆಗೊಂದೇ ಕೆಲಸ

"ಮನೆಗೊಬ್ಬರಿಗೆ ಮಾತ್ರ," ಎಂದರು ಕಂಪನಿಯ ಆಫೀಸರಮ್ಮ. "ನೀವಿಬ್ರೂ ಪಾಸು, ನಿಜ. ಆದ್ರೆ ಈ ವರ್ಷ ನಮಗೆ ಬೇಕಾಗಿರೋದೇ ಇಷ್ಟು ಜನ. ಸುತ್ತಲ ಹಳ್ಳಿಗಳಿಗೆಲ್ಲ ಹಂಚ್ಬೇಕಲ್ಲ? ಅತ್ತೆನೋ ಸೊಸೆನೋ, ನಾಳೆ ಬೆಳಿಗ್ಗೆ ಒಬ್ರು ಬನ್ನಿ."

ಅತ್ತೆ ಸೊಸೆ ಇಬ್ಬರೂ ತರಬೇತಿ ಶೆಡ್ಡಿನಿಂದ ಹೊರಬಿದ್ದರು. ಅತ್ತೆಗೆ ಈ ಜಾಗ ಹೊಸದಲ್ಲ. ಹಳೇ ಮಿಲ್ಲು ಮುಚ್ಚುವವರೆಗೂ ಇಲ್ಲೇ ನೂಲಿನ ಯಂತ್ರದ ಮುಂದೆ ನಿಂತವಳು. ಆಮೇಲೆ ಅವರಿವರ ಮನೆಯ ಪಾತ್ರೆ ತಿಕ್ಕಿ ಮಗನನ್ನು ಬೆಳೆಸಿದ್ದಳು. ಹೊಸ ಕಂಪನಿ ಮಿಲ್ಲು ಕೊಂಡು, ಕೆಲಸ ಕಲಿಸಿ ಸೇರಿಸಿಕೊಳ್ಳುತ್ತೇವೆ ಎಂದಾಗ ಸೊಸೆಗೆ ಜೊತೆಯಾಗಿ ಬಂದವಳು, ಹತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ತಾನೂ ಹೆಸರು ಬರೆಸಿಬಿಟ್ಟಿದ್ದಳು.

ತುಂಡಾದ ಎಳೆ ಕೈಗೆ ಸಿಕ್ಕರೆ ಸಾಕು, ಗಂಟು ತಾನಾಗಿ ಬೀಳುತ್ತಿತ್ತು. ಕೈ ಮರೆತಿರಲಿಲ್ಲ, ಮನಸ್ಸಂತೂ ಏನನ್ನೂ ಮರೆತಿರಲಿಲ್ಲ. ಯಂತ್ರದ ಸದ್ದಿನಲ್ಲಿ ತುಟಿ ನೋಡಿಕೊಂಡೇ ಗೆಳತಿಯರು ಹರಟೆ ಹೊಡೆಯುತ್ತಿದ್ದುದು, ಸಂಜೆ ಒಬ್ಬರ ತಲೆಗಂಟಿದ ಹತ್ತಿಯನ್ನು ಇನ್ನೊಬ್ಬರು ಆರಿಸುತ್ತ, "ಅಯ್ಯೋ ಮುದುಕಿ, ಕೂದಲೆಲ್ಲ ನೆರೆತೋಯ್ತಲ್ಲೇ!" ಎಂದು ನಗುತ್ತಿದ್ದುದು. ಈಗ ಕೂದಲು ನಿಜಕ್ಕೂ ನೆರೆತಿತ್ತು. ಹಾಗೆ ನಗುವವರು ಒಬ್ಬರೂ ಉಳಿದಿರಲಿಲ್ಲ.

ದಾರಿಯುದ್ದಕ್ಕೂ ಅವಳ ನಾಲಿಗೆಯ ತುದಿಯಲ್ಲಿ ಒಂದೇ ಮಾತು: 'ನೀನೇ ಹೋಗಮ್ಮ.' ಹಿರಿಯಳಾದವಳು ಆಡಬೇಕಾದ ಮಾತು. ಆಡಲಾಗಲಿಲ್ಲ. ತನ್ನ ಆಸೆಗೆ ತನಗೇ ನಾಚಿಕೆಯಾಯಿತು.

ಮನೆಯಲ್ಲಿ ಸುದ್ದಿ ಕೇಳಿದ ಮಗ, "ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ಅವಳೇ ಹೋಗ್ಲಿ. ಅಮ್ಮ ದುಡಿದಿದ್ದು ಸಾಕು, ಹಾಯಾಗಿರ್ಲಿ," ಎಂದ.

ಅತ್ತೆ ತಲೆಯಾಡಿಸಿ ಅಡುಗೆಮನೆಗೆ ನಡೆದಳು. ಸೊಸೆ ಹಿಂದೆಯೇ ಬಂದಳು.

"ಅತ್ತೆ, ಎರಡು ವರ್ಷಕ್ಕೆ ಇನ್ನೊಂದು ಶೆಡ್ಡು ತೆರೀತಾರಂತೆ. ಆಗ ಮತ್ತೆ ಜನ ತಗೋತಾರಂತೆ. ಅಷ್ಟೊತ್ತಿಗೆ ನನಗೇನು ಮಹಾ ವಯಸ್ಸಾಗಿರತ್ತೆ?"

"ನಿನಗೇನು, ಇನ್ನೂ ಹುಡುಗಿ."

"ನಿಮಗೆ?"

ಅತ್ತೆ ಅಕ್ಕಿ ತೊಳೆಯುತ್ತಲೇ ಇದ್ದಳು.

"ನಿಜ ಹೇಳಿ. ಹೋಗ್ಬೇಕು ಅಂತ ಇದೆಯೋ ಇಲ್ವೋ?"

"ಇದೆ ಕಣೇ," ಎಂದಳು ಅತ್ತೆ, ಮುಖ ಎತ್ತದೆ. "ಅಲ್ಲಿ ನಿಂತ್ಕೊಂಡ್ರೆ ನಾನು ಯಾರ ಅಮ್ಮನೂ ಅಲ್ಲ, ಯಾರ ಅತ್ತೆನೂ ಅಲ್ಲ."

ಹಾಗೆಂದ ಮೇಲೆ ಬಾಯಿ ಜಾರಿತೇನೋ ಎಂದು ಹೆದರಿದಳು. ಸೊಸೆ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು, "ಹಾಗಾದ್ರೆ ಹೋಗಿ ಬೇಗ ಮಲಗಿ. ನಿಮ್ಮ ಮಗನಿಗೆ ನಾನು ಹೇಳ್ತೀನಿ," ಎಂದಳು.

ಮರುದಿನ ಮಿಲ್ಲಿನ ಸೈರನ್ ಕೂಗಿದಾಗ ಅತ್ತೆ ಇನ್ನೂ ಬೀದಿಯ ತಿರುವಿನಲ್ಲಿದ್ದಳು. ಗಕ್ಕನೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಓಡತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಮಗ ಗಾಬರಿಯಿಂದ, "ಅಮ್ಮಾ, ಬಿದ್ದೀಯ!" ಎಂದು ಕೂಗಿಕೊಂಡ.

ಅವಳು ತಿರುಗಿ ನೋಡಲಿಲ್ಲ.