ಷಡ್ಡಕನ ಕೈಯಲ್ಲಿ ಕೆಂಪು ಕನ್ಸೋಲ್

ಮನೆಯಲ್ಲಿ ಟಿವಿಗೆ ಸಿಕ್ಕಿಸಿ, ಹೊರಗೆ ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ನ ಹಳೆಯ ಮಾದರಿ ನನ್ನ ಬಳಿ ಇತ್ತು. ಹೊಸ ಮಾದರಿ ಬರಲಿದೆ ಎಂದು ಕಂಪನಿ ಸೋಮವಾರವಷ್ಟೇ ಪ್ರಕಟಿಸಿತ್ತು. ಯಾವಾಗ ಎಂದು ಹೇಳಿರಲಿಲ್ಲ. ಆ ವಿಡಿಯೊವನ್ನು ನಾನು ಹನ್ನೊಂದು ಸಲ ನೋಡಿದ್ದೆ.

ಭಾನುವಾರ ಷಡ್ಡಕ ಮನೆಗೆ ಬಂದು, ಚೀಲದಿಂದ ಕೆಂಪಗೆ ಹೊಳೆಯುವ ಕನ್ಸೋಲ್ ತೆಗೆದಾಗ ನನಗಿಂತ ಮೊದಲೇ ಹೊಸ ಮಾದರಿ ಇವನ ಕೈ ಸೇರಿತಲ್ಲ ಎನಿಸಿತು. ಅವನ ಅಣ್ಣ ದುಬೈನಿಂದ ಬಂದು ಎರಡು ದಿನವಾಗಿತ್ತು. ಅಲ್ಲಿ ಎಲ್ಲವೂ ಮೊದಲೇ ಸಿಗುತ್ತದೆ.

“ಹೇಗಿದೆ ನೋಡಿ ಭಾವ,” ಎಂದ.

ಕೈಗೆ ತೆಗೆದುಕೊಂಡೆ. “ತೂಕ ಜಾಸ್ತಿ ಆಯ್ತು. ಅರ್ಧ ಗಂಟೆ ಹಿಡಿದ್ರೆ ಮಣಿಕಟ್ಟು ನೋಯುತ್ತೆ.”

“ಹೌದಾ?”

“ಆಕಾರ ಹಳೇದೇ, ಹೊಸದೇನು ಮಾಡಿದ್ದಾರೆ? ಪರದೆ ಮಂಕು. ಬಟನ್ ಸಡಿಲ. ಬ್ಯಾಟರಿ ಎರಡು ಗಂಟೆ ಬಂದ್ರೆ ಹೆಚ್ಚು. ಟಿವಿಗೂ ಸೈ, ಕೈಗೂ ಸೈ ಅಂತ ಹೋಗಿ ಎರಡನ್ನೂ ಕೆಡಿಸಿದ್ದಾರೆ.”

ಅಡುಗೆಮನೆಯಿಂದ ಹೆಂಡತಿ ಇಣುಕಿದಳು. ಕಣ್ಣಲ್ಲೇ ಏನೋ ಹೇಳಿದಳು. ನಾನು ನಿಲ್ಲಿಸಲಿಲ್ಲ.

“ಇದು ನನ್ನ ಹಳೇದರ ಕಾಲ ಧೂಳಿಗೂ ಸಮ ಇಲ್ಲ. ಪಕ್ಕಪಕ್ಕ ಇಟ್ಟೇ ತೋರಿಸ್ತೀನಿ ಇರಿ. ಲೇ, ಅದನ್ನ ಎಲ್ಲಿಟ್ಟಿದ್ದೀಯ?”

ಹೆಂಡತಿ ಸರ್ರನೆ ಒಳಗೆ ಸರಿದಳು. ಷಡ್ಡಕ ಮೆಲ್ಲಗೆ ಕೆಮ್ಮಿದ.

“ಇದೇ ಅದು ಭಾವ. ದಸರಾ ರಜಕ್ಕೆ ನಮ್ಮ ಮಗಳು ಆಡ್ಲಿ ಅಂತ ಅಕ್ಕ ಕೊಟ್ಟಿದ್ರು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತಾರಲ್ಲ, ಅದಕ್ಕೆ ಹೊಸ ಬಾಡಿ ಹಾಕಿಸ್ಕೊಂಡು ಬಂದೆ.”