ಓಟದಲ್ಲಿ ಕೊನೆಯವನು

ಹೊಸ ಬಾಕ್ಸಿಂಗ್ ಕೋಚ್‌ಗೆ ಯಮನೂರನ ಮೇಲೆ ಮೊದಲ ದಿನವೇ ಗುಮಾನಿ ಹುಟ್ಟಿತು. ಓಟದಲ್ಲಿ ಅವನೇ ಕೊನೆ. ಹಗ್ಗ ಜಿಗಿಯಲು ಹೋದರೆ ಹಗ್ಗ ಅವನ ಕಾಲಿಗೇ ಸುತ್ತಿಕೊಂಡಿತು. ಅಂಥವನು ರಿಂಗಿಗೆ ಇಳಿದ ಕೂಡಲೇ ಎದುರಾಳಿಯ ಮೂಗಿನಿಂದ ರಕ್ತ ಸುರಿಯಿತು. ಅವನ ಕೈ ಹೋದದ್ದು, ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

"ಗ್ಲೌಸಿನಾಗ ಏನ್ ಮುಚ್ಚಿಟ್ಟಿಯಲೇ? ಕಬ್ಬಿಣಾ?"

"ಏನಿಲ್ರೀ ಸರ."

ಕೋಚ್ ನಂಬಲಿಲ್ಲ. ಗ್ಲೌಸ್ ಬಿಚ್ಚಿಸಿ ಒಳಗೆಲ್ಲ ತಡಕಾಡಿದ. ಅವನ ಎರಡೂ ಕೈ ಹಿಡಿದು ಬೆರಳುಗಳನ್ನು ಒತ್ತಿ ಒತ್ತಿ ನೋಡಿದ. ಏನೂ ಸಿಗಲಿಲ್ಲ.

"ಮತ್ತ ಇಷ್ಟು ಚುರುಕ್ ಕೈ ಎಲ್ಲಿ ಕಲ್ತಿ? ಖರೇ ಹೇಳು."

"ಬಸ್‌ಸ್ಟ್ಯಾಂಡಿನಾಗ್ರೀ."

"ಅಲ್ಲಿ ನಿನಗ ಬಾಕ್ಸಿಂಗ್ ಯಾರ್ ಕಲಿಸಿದ್ರು?"

"ಮಂದಿ ಗದ್ದಲಾನ ಕಲಿಸ್ತ್ರೀ."

ಕೋಚ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ದನಿ ಸ್ವಲ್ಪ ಮೆತ್ತಗಾಯಿತು.

"ಬರೇ ಕೈ ಇದ್ರ ಸಾಲಂಗಿಲ್ಲೋ ತಮ್ಮಾ, ಕಾಲಾಗೂ ಕಸುವಿರಬೇಕು. ಓಡಾಕ ಬಂದಿದ್ರ ನೀ ಇವತ್ತ ಎಲ್ಲೋ ಇರ್ತಿದ್ದಿ."

"ಖರೇ ಐತ್ರೀ ಸರ," ಎನ್ನುತ್ತ ಯಮನೂರ ಕೋಚ್‌ನ ಕೈಗಡಿಯಾರವನ್ನು ತನ್ನ ಚಡ್ಡಿಯ ಜೇಬಿನಿಂದ ತೆಗೆದು ಅವನ ಅಂಗೈಗಿಟ್ಟ. "ಓಡಾಕ ಬಂದಿದ್ರ ನಾ ಈ ಜೇಲಿನಾಗ ಯಾಕಿರ್ತಿದ್ದೆ?"